ಬೀಸುವ ಗಾಳಿಯಲ್ಲಿ ಗಾಲ್ಫ್ ಚೆಂಡು

'ಗಾಳಿ ಬಂದಾಗ ತೂರಿಕೋ' ಎಂಬ ಗಾದೆ ನಮ್ಮ ಕಣಗಳಲ್ಲಿ ಹುಟ್ಟಿದ್ದು. ರಾಶಿ ತೂರುವ ಒಕ್ಕಲಿಗನಿಗೆ ಗಾಳಿಯ ಗುಣ ಚೆನ್ನಾಗಿ ಗೊತ್ತು. ಮೊರವನ್ನು ಎಷ್ಟು ಎತ್ತರದಲ್ಲಿ ಹಿಡಿಯಬೇಕು, ಕಾಳು ಎಲ್ಲಿ ಬೀಳುತ್ತದೆ, ಹೊಟ್ಟು ಎಲ್ಲಿಗೆ ಹಾರಿ ಹೋಗುತ್ತದೆ ಎಂಬುದನ್ನು ಅವನು ಪುಸ್ತಕ ಓದಿ ಕಲಿತವನಲ್ಲ. ನೋಡಿ ನೋಡಿ ಕಲಿತವನು. ಗಾಳಿಯೊಡನೆ ಸೆಣಸುವುದರಿಂದ ಪ್ರಯೋಜನವಿಲ್ಲ, ಅದರ ನಡೆಯನ್ನು ತಿಳಿದು ನಮ್ಮ ಕೆಲಸ ಮಾಡಿಕೊಳ್ಳಬೇಕು ಎಂಬುದೇ ಆ ಗಾದೆಯ ತಿರುಳು. ಕಣದಿಂದ ಬಹು ದೂರದ, ಸಿರಿವಂತರ ಆಟವೆಂದು ಹೆಸರಾದ ಗಾಲ್ಫಿಗೂ ಈ ಮಾತು ಅಷ್ಟೇ ಚೆನ್ನಾಗಿ ಸಲ್ಲುತ್ತದೆ. ಗಾಳಿ ಬೀಸುತ್ತಿರುವಾಗ ಚೆಂಡನ್ನು ದೂರಕ್ಕೆ ಕಳುಹಿಸುವುದು ಹೇಗೆ ಎಂಬುದು ಆ ಆಟದ ಹಳೆಯ ಪ್ರಶ್ನೆ. ಅದಕ್ಕೆ ನಮ್ಮ ತೋಳುಗಳು ಕೊಡುವ ಉತ್ತರ ಒಂದು. ಗಾಳಿ ಕೊಡುವ ಉತ್ತರ ಇನ್ನೊಂದು.

ಆಟ ತಿಳಿಯದವರಿಗಾಗಿ ಮೊದಲು ಎರಡು ಮಾತು. ಗಾಲ್ಫಿನಲ್ಲಿ ಎದುರಾಳಿ ಬಂದು ಚೆಂಡನ್ನು ತಡೆಯುವುದಿಲ್ಲ. ಆಟಗಾರ ತನ್ನ ಚೆಂಡನ್ನು ತಾನೇ ಹೊಡೆಯುತ್ತ, ಅದರ ಹಿಂದೆ ನಡೆಯುತ್ತ, ಕೊನೆಗೆ ಹುಲ್ಲಿನಲ್ಲಿ ತೋಡಿದ ಒಂದು ಸಣ್ಣ ಕುಳಿಗೆ ಅದನ್ನು ಬೀಳಿಸಬೇಕು. ಹೀಗೆ ಹದಿನೆಂಟು ಕುಳಿಗಳು. ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ಗೆದ್ದವನು. ಅವನ ಚೀಲದಲ್ಲಿ ಹೆಚ್ಚೆಂದರೆ ೧೪ ದಾಂಡುಗಳಿರಬಹುದು. ಅವುಗಳಲ್ಲಿ ಎಲ್ಲಕ್ಕಿಂತ ಉದ್ದನೆಯದಕ್ಕೆ ಡ್ರೈವರ್ ಎಂದು ಹೆಸರು. ಬಸ್ಸು ನಡೆಸುವವನಿಗೂ ಇದಕ್ಕೂ ಸಂಬಂಧವಿಲ್ಲ. ಕುಳಿಯೊಂದರ ಆಟ ಪ್ರಾರಂಭವಾಗುವಾಗ ಚೆಂಡನ್ನು ಟೀ ಎಂಬ ಸಣ್ಣ ಗೂಟದ ಮೇಲೆ ಕೂರಿಸಿ, ಈ ಡ್ರೈವರಿನಿಂದ ಬಲವಾಗಿ ಹೊಡೆಯುವುದು ವಾಡಿಕೆ. ಆ ಮೊದಲ ಹೊಡೆತ ದೂರ ಹೋದಷ್ಟೂ ಮುಂದಿನ ಕೆಲಸ ಹಗುರ. ಆದುದರಿಂದಲೇ ಗಾಲ್ಫ್ ಆಡುವವರು ಇಬ್ಬರು ಸೇರಿದರೆ ಮಾತು ಈ ಹೊಡೆತದ ಉದ್ದದ ಕಡೆಗೆ ತಿರುಗುತ್ತದೆ.

ನಮ್ಮ ದೇಶಕ್ಕೆ ಈ ಆಟ ಹೊಸದೇನಲ್ಲ. ಕಲ್ಕತ್ತೆಯಲ್ಲಿ ೧೮೨೯ರಲ್ಲಿಯೂ, ಬೆಂಗಳೂರಿನಲ್ಲಿ ೧೮೭೬ರಲ್ಲಿಯೂ ಗಾಲ್ಫ್ ಕ್ಲಬ್ಬುಗಳು ಹುಟ್ಟಿದವು. ಬೆಂಗಳೂರಿನ ಸ್ಯಾಂಕಿ ರಸ್ತೆಯಲ್ಲಿ ಓಡಾಡುವವರು ಆ ಹಸಿರು ಬಯಲನ್ನು ಬೇಲಿಯಾಚೆಯಿಂದಲಾದರೂ ನೋಡಿರುತ್ತಾರೆ. ಆದರೆ ಗಾಳಿಯ ವಿಚಾರ ಬಂದಾಗ ಆಟದ ತವರಿಗೇ ಹೋಗಬೇಕು. ಆ ತವರು ಸ್ಕಾಟ್ಲೆಂಡಿನ ಕಡಲ ತೀರ.

ಸ್ಕಾಟ್ಲೆಂಡಿನ ಪೂರ್ವ ತೀರದಲ್ಲಿ ಸೇಂಟ್ ಆಂಡ್ರೂಸ್ ಎಂಬ ಹಳೆಯ ಪಟ್ಟಣವಿದೆ. ಅಲ್ಲಿ ಉಳುವ ಹೊಲಕ್ಕೂ ಕಡಲಿಗೂ ನಡುವೆ ಮರಳು ಮಿಶ್ರಿತವಾದ, ಬೆಳೆಗೆ ಒದಗದ ನೆಲದ ಪಟ್ಟಿಯೊಂದು ಉಂಟು. ಇಂಥ ನೆಲಕ್ಕೆ ಅಲ್ಲಿನವರು ಲಿಂಕ್ಸ್ ಎನ್ನುತ್ತಾರೆ. ಮರಗಳಿಲ್ಲ, ಗಿಡ್ಡ ಹುಲ್ಲು, ಮುಳ್ಳುಕಂಟಿ, ಮರಳಿನ ಹಳ್ಳಗಳು. ಕಡಲ ಮೇಲಿಂದ ಬರುವ ಗಾಳಿಗೆ ಅಡ್ಡವೆಂಬುದೇ ಇಲ್ಲ. ಇಲ್ಲಿಯ ಹಳೆಯ ಮೈದಾನದಲ್ಲಿ ಮೊದಲರ್ಧ ಪಟ್ಟಣವನ್ನು ಬೆನ್ನಿಗೆ ಹಾಕಿಕೊಂಡು ಹೊರಕ್ಕೆ ಆಡುತ್ತ ಹೋಗುವುದು, ಉಳಿದರ್ಧ ಪಟ್ಟಣದ ಕಡೆಗೆ ಮುಖ ಮಾಡಿ ಮರಳಿ ಬರುವುದು. ಹೋಗುವಾಗ ಗಾಳಿ ಎದುರಿಗಿದ್ದರೆ ಬರುವಾಗ ಬೆನ್ನ ಹಿಂದೆ. ಹಾಗಾದರೆ ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಗಳಿಸಿಕೊಳ್ಳಬಹುದಲ್ಲ, ಲೆಕ್ಕ ಸರಿಹೋಯಿತಲ್ಲ ಎಂದು ನಮಗೆ ತೋರುತ್ತದೆ. ಆದರೆ ಗಾಳಿ ಅಷ್ಟು ನ್ಯಾಯವಂತನಾದ ಸಾಹುಕಾರನಲ್ಲ. ಅದು ಕಿತ್ತುಕೊಳ್ಳುವುದು ಹೆಚ್ಚು, ಮರಳಿ ಕೊಡುವುದು ಕಡಿಮೆ.

ಅನುಭವಿಗಳಾದ ಆಟಗಾರರು ಬಳಸುವ ಒಂದು ಸ್ಥೂಲ ಲೆಕ್ಕವಿದೆ. ಎದುರುಗಾಳಿಯ ವೇಗ ಗಂಟೆಗೆ ಒಂದು ಮೈಲಿಯಷ್ಟಿದ್ದರೆ ಹೊಡೆತದ ದೂರದಲ್ಲಿ ನೂರಕ್ಕೆ ಒಂದು ಪಾಲು ಹೋಯಿತೆಂದು ಎಣಿಸಬೇಕು. ಹಿಂದಿನಿಂದ ಅಷ್ಟೇ ಗಾಳಿ ಬೀಸಿದರೆ ಅರ್ಧ ಪಾಲು ಮಾತ್ರ ಬಂದಿತೆಂದು ಎಣಿಸಬೇಕು. ಶಾಂತವಾದ ದಿನ ೨೦೦ ಗಜ ಹೊಡೆಯುವ ಮನುಷ್ಯ ಗಂಟೆಗೆ ೧೫ ಮೈಲಿಯ ಎದುರುಗಾಳಿಯಲ್ಲಿ ಸುಮಾರು ೩೦ ಗಜ ಕಳೆದುಕೊಳ್ಳುತ್ತಾನೆ. ಅದೇ ಗಾಳಿ ಹಿಂದಿನಿಂದ ಬಂದರೆ ಅವನಿಗೆ ಸಿಗುವುದು ಸುಮಾರು ೧೫ ಗಜ. ಏಕೆ ಹೀಗೆ? ಈ ಪ್ರಶ್ನೆಗೆ ಉತ್ತರ ತಿಳಿದರೆ ಗಾಳಿಯಲ್ಲಿ ಆಡುವ ವಿದ್ಯೆಯ ಅರ್ಧ ತಿಳಿದಂತೆಯೇ. ಆ ಉತ್ತರವನ್ನು ಹುಡುಕಿಕೊಟ್ಟ ಮಹನೀಯನ ಕಥೆ ಸ್ವಾರಸ್ಯವಾದದ್ದು.

ಪೀಟರ್ ಗತ್ರಿ ಟೇಟ್ ಎಂಬಾತ ೧೮೬೦ರಿಂದ ನಾಲ್ಕು ದಶಕಗಳ ಕಾಲ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು. ಲಾರ್ಡ್ ಕೆಲ್ವಿನ್ನನ ಜೊತೆಗೂಡಿ ದೊಡ್ಡ ಗ್ರಂಥವನ್ನು ಬರೆದ ಪಂಡಿತ. ಬೇಸಿಗೆಯ ರಜ ಬಂತೆಂದರೆ ಸೇಂಟ್ ಆಂಡ್ರೂಸಿಗೆ ಬಂದು ಬೆಳಗಿನಿಂದ ಸಂಜೆಯವರೆಗೆ ಗಾಲ್ಫ್ ಆಡುವುದು ಅವನ ಪದ್ಧತಿ. ಕತ್ತಲಾದ ಮೇಲೂ ಆಡಬೇಕೆಂದು ಚೆಂಡಿಗೆ ರಂಜಕ ಸವರಿ, ಅದು ಮಿನುಗುವ ಬೆಳಕಿನಲ್ಲಿ ಆಡಿ ನೋಡಿದ ಉತ್ಸಾಹಿ ಅವನು. ಆಡುತ್ತ ಆಡುತ್ತ ಅವನಿಗೊಂದು ಸಂಶಯ ಬಂತು. ಎಸೆದ ಕಲ್ಲು ಎಷ್ಟು ದೂರ ಹೋಗಬೇಕೆಂಬುದಕ್ಕೆ ಶಾಸ್ತ್ರದಲ್ಲಿ ಲೆಕ್ಕವಿದೆ. ಅದೇ ಲೆಕ್ಕವನ್ನು ಗಾಲ್ಫ್ ಚೆಂಡಿಗೆ ಹಾಕಿದರೆ ಉತ್ತರ ಸರಿಹೋಗುವುದಿಲ್ಲ. ಚೆಂಡು ಆಕಾಶದಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ. ಹೋಗಬೇಕಾದುದಕ್ಕಿಂತ ಹೆಚ್ಚು ದೂರ ಹೋಗುತ್ತದೆ. ಯಾವುದೋ ಒಂದು ಶಕ್ತಿ ಅದನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತಿದೆ. ಅದು ಯಾವುದು?

ಟೇಟ್ ಕಂಡುಕೊಂಡ ಉತ್ತರ ಗಿರಕಿ. ದಾಂಡಿನ ಮುಖ ನೆಟ್ಟಗಿರುವುದಿಲ್ಲ, ತುಸು ಹಿಂದಕ್ಕೆ ಮಲಗಿರುತ್ತದೆ. ಅದು ಚೆಂಡಿಗೆ ತಾಗಿದಾಗ ಚೆಂಡು ಮುಂದಕ್ಕೆ ಚಿಮ್ಮುವುದರ ಜೊತೆಗೆ ಹಿಂದಕ್ಕೆ ಸುತ್ತತೊಡಗುತ್ತದೆ. ಎಂದರೆ ಚೆಂಡಿನ ಮೇಲುಭಾಗ ಹೊಡೆದವನ ಕಡೆಗೆ ತಿರುಗುತ್ತಿರುತ್ತದೆ. ಇದನ್ನು ಕಣ್ಣಿಗೆ ತೋರಿಸಲು ಅವನು ಹೂಡಿದ ಉಪಾಯ ಬಹಳ ಸರಳವಾದದ್ದು. ಉದ್ದವಾದ ಬಟ್ಟೆಯ ಲಾಡಿಯೊಂದನ್ನು ತಿರುಚದೆ ಹಾಸಿ, ಒಂದು ತುದಿಯನ್ನು ಚೆಂಡಿಗೂ ಇನ್ನೊಂದು ತುದಿಯನ್ನು ನೆಲಕ್ಕೂ ಕಟ್ಟಿದ. ಒಳ್ಳೆಯ ಆಟಗಾರನೊಬ್ಬನಿಂದ ಆ ಚೆಂಡನ್ನು ಹತ್ತಿರದಲ್ಲೇ ಇದ್ದ ಜೇಡಿಮಣ್ಣಿನ ಗೋಡೆಗೆ ಹೊಡೆಸಿದ. ಚೆಂಡು ಮಣ್ಣಿನಲ್ಲಿ ಹೂತು ನಿಂತಿತು. ಲಾಡಿಯಲ್ಲಿ ಬಿದ್ದ ಸುರುಳಿಗಳನ್ನು ಎಣಿಸಿದರೆ ಗಿರಕಿಯ ಲೆಕ್ಕ ಸಿಕ್ಕಿತು! ದೊಡ್ಡ ಯಂತ್ರವಿಲ್ಲ, ದುಬಾರಿ ಸಲಕರಣೆಯಿಲ್ಲ. ಇಂದು ವಿದ್ಯುತ್ ಉಪಕರಣಗಳು ಅಳೆದು ಹೇಳುವಂತೆ ಪರಿಣತ ಆಟಗಾರನ ಡ್ರೈವರಿನಿಂದ ಹೊರಟ ಚೆಂಡು ನಿಮಿಷಕ್ಕೆ ಸುಮಾರು ೨,೫೦೦ ಸುತ್ತು, ಎಂದರೆ ಸೆಕೆಂಡಿಗೆ ೪೦ಕ್ಕೂ ಹೆಚ್ಚು ಸುತ್ತು, ಸುತ್ತುತ್ತದೆ.

ಟೇಟನ ಮಗ ಫ್ರೆಡ್ಡಿ ಟೇಟ್ ಆ ಕಾಲದ ಹೆಸರಾಂತ ಆಟಗಾರ; ೧೮೯೬ರಲ್ಲಿಯೂ ೧೮೯೮ರಲ್ಲಿಯೂ ಬ್ರಿಟನ್ನಿನ ಹವ್ಯಾಸಿ ಆಟಗಾರರ ಪಂದ್ಯವನ್ನು ಗೆದ್ದವನು. ೧೮೯೩ರ ಚಳಿಗಾಲದಲ್ಲಿ ಅವನು ಹೊಡೆದ ಚೆಂಡೊಂದು ಸುಮಾರು ೨೫೦ ಗಜ ಆಕಾಶದಲ್ಲೇ ಸಾಗಿ, ಹೆಪ್ಪುಗಟ್ಟಿದ ಗಟ್ಟಿ ನೆಲದ ಮೇಲೆ ಉರುಳಿ, ಒಟ್ಟು ೩೪೧ ಗಜ ಹೋಯಿತಂತೆ. ಇಷ್ಟು ದೂರ ಹೊಡೆಯುವುದು ಅಸಾಧ್ಯವೆಂದು ತಂದೆ ಲೆಕ್ಕ ಹಾಕಿ ತೋರಿಸಿದ್ದನೆಂದೂ, ಮಗ ಹೊಡೆದು ತೋರಿಸಿ ತಂದೆಯ ಲೆಕ್ಕವನ್ನು ಸುಳ್ಳು ಮಾಡಿದನೆಂದೂ ಒಂದು ಕಥೆ ಹುಟ್ಟಿಕೊಂಡಿತು. ಕಥೆ ಸೊಗಸಾಗಿದೆ, ಆದರೆ ಪ್ರಾಧ್ಯಾಪಕನಿಗೆ ಅನ್ಯಾಯ ಮಾಡುತ್ತದೆ. ತಂದೆಯ ಲೆಕ್ಕ ಗಿರಕಿಯಿಲ್ಲದ ಚೆಂಡಿಗೆ ಸಂಬಂಧಿಸಿದ್ದು. ಗಿರಕಿಯಿಲ್ಲದೆ ಇಷ್ಟು ದೂರ ಹೋಗಲಾರದು ಎಂಬುದೇ ಅವನ ವಾದದ ಬಲ. ಮಗನ ಹೊಡೆತ ಆ ವಾದವನ್ನು ಮುರಿಯಲಿಲ್ಲ, ಎತ್ತಿ ಹಿಡಿಯಿತು. ಫ್ರೆಡ್ಡಿ ಸೈನ್ಯದಲ್ಲಿದ್ದವನು. ೧೯೦೦ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ, ಇನ್ನೂ ಮೂವತ್ತು ತುಂಬಿ ಹೆಚ್ಚು ದಿನಗಳಾಗದಿದ್ದಾಗ, ಗುಂಡೇಟಿಗೆ ಬಲಿಯಾದ. ಮರುವರ್ಷವೇ ತಂದೆಯೂ ತೀರಿಕೊಂಡ. ತಂದೆ ಮಗ ಇಬ್ಬರೂ ಹೋದರು. ಒಬ್ಬನ ಕೈಯೂ ಇನ್ನೊಬ್ಬನ ಬುದ್ಧಿಯೂ ಸೇರಿ ಬೆಳಕಿಗೆ ತಂದ ಸತ್ಯ ಉಳಿಯಿತು.

ಗಿರಕಿ ಚೆಂಡನ್ನು ಹೇಗೆ ಎತ್ತುತ್ತದೆ? ಸುತ್ತುತ್ತಿರುವ ಚೆಂಡು ತನ್ನ ಮೈಗೆ ಅಂಟಿದ ಗಾಳಿಯ ತೆಳು ಪದರವನ್ನು ತನ್ನೊಡನೆ ಎಳೆದೊಯ್ಯುತ್ತದೆ. ಹಿಂದಕ್ಕೆ ಸುತ್ತುವ ಚೆಂಡು ಮೇಲಿನಿಂದ ಹಾದುಹೋಗುವ ಗಾಳಿಯನ್ನು ತನ್ನ ಬೆನ್ನಿನ ಮೇಲಿಂದ ಕೆಳಮುಖವಾಗಿ ತಳ್ಳುತ್ತದೆ. ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳಿದರೆ ಗಾಳಿ ಚೆಂಡನ್ನು ಮೇಲಕ್ಕೆ ತಳ್ಳಲೇಬೇಕು. ಟೆನಿಸ್ ಚೆಂಡು ಹೀಗೆ ದಾರಿ ಬಾಗಿಸುವುದನ್ನು ಹದಿನೇಳನೆಯ ಶತಮಾನದಲ್ಲಿ ನ್ಯೂಟನ್ನನೇ ಗಮನಿಸಿದ್ದ. ಜರ್ಮನಿಯ ಮ್ಯಾಗ್ನಸ್ ಎಂಬ ವಿಜ್ಞಾನಿ ೧೮೫೨ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ. ಈ ಪರಿಣಾಮಕ್ಕೆ ಅವನ ಹೆಸರೇ ನಿಂತಿದೆ. ನಮ್ಮ ಕ್ರಿಕೆಟ್ಟಿನ ಸ್ಪಿನ್ ಬೌಲರನ ಚೆಂಡು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ತುಸು ತೇಲಿ ಪಕ್ಕಕ್ಕೆ ಸರಿಯುವುದೂ ಇದೇ ಕಾರಣದಿಂದ.

ಚೆಂಡಿನ ಮೇಲಿನ ಗುಳಿಗಳ ವಿಚಾರವನ್ನೂ ಇಲ್ಲೇ ಹೇಳಿಬಿಡಬೇಕು. ಹಿಂದಿನ ಕಾಲದಲ್ಲಿ ತೊಗಲಿನ ಚೀಲದೊಳಗೆ ಹಕ್ಕಿಯ ಪುಕ್ಕಗಳನ್ನು ಗಿಡಿದು ಚೆಂಡು ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗಟಪರ್ಚ ಎಂಬ ಮರದ ಅಂಟಿನಿಂದ ಮಾಡಿದ ನುಣುಪಾದ ಚೆಂಡು ಬಂದಿತು. ಆಶ್ಚರ್ಯವೆಂದರೆ, ಹೊಸದಾಗಿ ನುಣುಪಾಗಿದ್ದಾಗ ಸರಿಯಾಗಿ ಹಾರದ ಚೆಂಡು, ಏಟು ತಿಂದು ಮೈಯೆಲ್ಲ ಗಾಯವಾದ ಮೇಲೆ ಚೆನ್ನಾಗಿ ಹಾರುತ್ತಿತ್ತು! ಇದನ್ನು ಕಂಡವರು ಹೊಸ ಚೆಂಡಿನ ಮೈಮೇಲೂ ಸುತ್ತಿಗೆಯಿಂದ ಗೀರು ಹಾಕತೊಡಗಿದರು. ಇಂಗ್ಲೆಂಡಿನ ವಿಲಿಯಂ ಟೇಲರ್ ಎಂಬಾತ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಗುಂಡನೆಯ ಗುಳಿಗಳಿರುವ ಚೆಂಡಿಗೆ ಹಕ್ಕುಪತ್ರ ಪಡೆದ. ಈಗಿನ ಚೆಂಡಿನ ಮೇಲೆ ಸಾಮಾನ್ಯವಾಗಿ ಮುನ್ನೂರಕ್ಕೂ ಮಿಕ್ಕಿ ಗುಳಿಗಳಿರುತ್ತವೆ. ಅವು ಗಾಳಿಯ ಪದರ ಚೆಂಡಿನ ಮೈಯನ್ನು ಬೇಗ ಬಿಟ್ಟುಹೋಗದಂತೆ ಹಿಡಿದಿಡುತ್ತವೆ. ಅದರಿಂದ ಚೆಂಡಿನ ಹಿಂದೆ ಏಳುವ ಸುಳಿ ಕಿರಿದಾಗಿ ತಡೆ ತಗ್ಗುತ್ತದೆ. ಅದೇ ಹೊಡೆತಕ್ಕೆ ನುಣುಪಾದ ಚೆಂಡು ಹೋಗುವುದು ಗುಳಿಯ ಚೆಂಡಿನ ಸುಮಾರು ಅರ್ಧದಷ್ಟು ದೂರ ಮಾತ್ರ.

ಈಗ ಗಾಳಿಯನ್ನು ಈ ಲೆಕ್ಕದೊಳಕ್ಕೆ ತರೋಣ. ಚೆಂಡು ದಾಂಡನ್ನು ಬಿಟ್ಟಾಗ ಅದರ ವೇಗ ಸೆಕೆಂಡಿಗೆ ೬೦ ಮೀಟರ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ೧೦ ಮೀಟರ್ ವೇಗದ ಬಿರುಸಾದ ಎದುರುಗಾಳಿ ಬೀಸುತ್ತಿದ್ದರೆ, ಚೆಂಡಿನ ಪಾಲಿಗೆ ಅದು ೭೦ ಮೀಟರ್ ವೇಗದಲ್ಲಿ ಗಾಳಿಯನ್ನು ಸೀಳಿ ಹೋದಂತೆ. ಗಾಳಿ ಒಡ್ಡುವ ತಡೆ ವೇಗದಂತೆ ಬೆಳೆಯುವುದಿಲ್ಲ, ವೇಗದ ವರ್ಗದಂತೆ ಬೆಳೆಯುತ್ತದೆ. ೬೦ರ ವರ್ಗ ೩,೬೦೦. ೭೦ರ ವರ್ಗ ೪,೯೦೦. ಎಂದರೆ ತಡೆ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚಾಯಿತು. ಅದೇ ಗಾಳಿ ಹಿಂದಿನಿಂದ ಬಂದರೆ ೫೦ರ ವರ್ಗ ೨,೫೦೦. ಎದುರುಗಾಳಿ ೧,೩೦೦ ಕೂಡಿಸಿತು. ಹಿಂಗಾಳಿ ೧,೧೦೦ ಮಾತ್ರ ಕಳೆಯಿತು. ಗಾಳಿಯ ಮೋಸ ಇಲ್ಲಿಂದಲೇ ಮೊದಲಾಗುತ್ತದೆ.

ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ಗಿರಕಿಯ ಎತ್ತುವ ಬಲವೂ ಗಾಳಿಯ ವೇಗದೊಡನೆ ಬೆಳೆಯುತ್ತದೆ. ಆಷಾಢದಲ್ಲಿ ಗಾಳಿಪಟ ಹಾರಿಸುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಾಳಿಗೆ ಎದುರಾಗಿ ಹಿಡಿದರೆ ಪಟ ಏರುತ್ತದೆ. ಗಾಳಿಯೊಡನೆ ಓಡಿದರೆ ಕುಸಿಯುತ್ತದೆ. ಎದುರುಗಾಳಿಯಲ್ಲಿ ಗಿರಕಿ ಹೆಚ್ಚಾದ ಚೆಂಡು ದಾರ ಹರಿದ ಪಟದಂತೆ. ಮೊದಲು ತಗ್ಗಾಗಿ ಹೊರಟು, ನೋಡುನೋಡುತ್ತಿದ್ದಂತೆ ಮೇಲಕ್ಕೇರಿ, ಆಕಾಶದಲ್ಲಿ ನಿಂತಂತೆ ಕಂಡು, ಕಲ್ಲು ಬಿದ್ದಂತೆ ನೆಟ್ಟಗೆ ಕೆಳಗಿಳಿಯುತ್ತದೆ. ಬಿದ್ದಲ್ಲಿಂದ ಮುಂದಕ್ಕೆ ಉರುಳುವುದೂ ಇಲ್ಲ. ಮೇಲಕ್ಕೆ ಹೋದಷ್ಟೂ ಗಾಳಿ ಬಿರುಸು. ನೆಲದ ಹತ್ತಿರದ ಗಾಳಿಯನ್ನು ಹುಲ್ಲು, ಪೊದೆ, ಮರಗಳು ತಡೆದು ನಿಧಾನ ಮಾಡುತ್ತವೆ. ಮೇಲಿನ ಗಾಳಿಗೆ ಆ ತಡೆಯಿಲ್ಲ. ಆದಕಾರಣ ಏರಿದ ಚೆಂಡಿಗೆ ಎರಡು ದಂಡ.

ಇನ್ನು ನಮ್ಮ ತೋಳುಗಳು ಕೊಡುವ ಸಲಹೆಯನ್ನು ವಿಚಾರ ಮಾಡೋಣ. ಎದುರಿಗೆ ಗಾಳಿ ಬೀಸತೊಡಗಿತೆಂದರೆ ಆಟಗಾರನ ಹಲ್ಲು ಬಿಗಿಯುತ್ತದೆ, ಮುಷ್ಟಿ ಬಿಗಿಯುತ್ತದೆ. ಕಳೆಯುವ ದೂರವನ್ನು ಬಲದಿಂದ ತುಂಬಿಕೊಳ್ಳುತ್ತೇನೆಂದು ದಾಂಡನ್ನು ಬೀಸುತ್ತಾನೆ. ದಾಂಡಿನ ವೇಗ ಹೆಚ್ಚಿದಂತೆ ಚೆಂಡಿನ ವೇಗ ಹೆಚ್ಚುವುದು ನಿಜ. ಆದರೆ ಅದರ ಜೊತೆಗೆ ಗಿರಕಿಯೂ ಹೆಚ್ಚುತ್ತದೆ. ಗಿರಕಿ ಹೆಚ್ಚಿದರೆ ಚೆಂಡು ಮೇಲೇರುತ್ತದೆ. ಹಾಕಿದ ಬಲದ ಬಹುಪಾಲನ್ನು ಗಾಳಿಯೇ ನುಂಗಿಬಿಡುತ್ತದೆ. ಸಾಲದುದಕ್ಕೆ ಬಲವಂತದ ಬೀಸಿನಲ್ಲಿ ಮೈ ತೂಕ ತಪ್ಪಿ, ದಾಂಡಿನ ಮುಖದ ನಡುವಿಗೆ ತಾಗಬೇಕಾದ ಚೆಂಡು ಅಂಚಿಗೆ ತಾಗುತ್ತದೆ. ಶಾಂತವಾದ ದಿನ ಹತ್ತು ಗಜ ಬಾಗುವ ಚೆಂಡು ಎದುರುಗಾಳಿಯಲ್ಲಿ ಇನ್ನೂ ಹೆಚ್ಚಾಗಿ ಬಾಗಿ ಪೊದೆಗೆ ಸೇರುತ್ತದೆ. ಐವತ್ತು ದಾಟಿದ, ಭಾನುವಾರ ಮಾತ್ರ ಆಡಲು ಬಿಡುವಿರುವ ಗೃಹಸ್ಥ ಹೀಗೆ ಸೆಣಸಿ ಸೊಂಟ ಹಿಡಿಸಿಕೊಂಡು ಮನೆಗೆ ಬಂದು, ತನಗೆ ವಯಸ್ಸಾಯಿತೆಂದು ಕೊರಗುವುದುಂಟು. ವಯಸ್ಸಿನ ತಪ್ಪು ಅದರಲ್ಲಿ ಅಷ್ಟಾಗಿ ಇಲ್ಲ. ಗಾಳಿಯಲ್ಲಿ ದೂರವೆಂಬುದು ಬಲದಿಂದ ಬರುವುದಕ್ಕಿಂತ ಹೆಚ್ಚಾಗಿ ಗಿರಕಿಯ ಹತೋಟಿಯಿಂದ ಬರುತ್ತದೆ ಎಂಬುದನ್ನು ಮನಗಂಡರೆ ಆ ಕೊರಗಿಗೆ ಕಾರಣವೇ ಉಳಿಯುವುದಿಲ್ಲ.

ಹಾಗಾದರೆ ಎದುರುಗಾಳಿಯಲ್ಲಿ ಮಾಡಬೇಕಾದುದೇನು? ಮೊದಲನೆಯದಾಗಿ ನಿಲುವು. ಗಾಳಿ ಚೆಂಡನ್ನು ಮಾತ್ರವಲ್ಲ, ಆಟಗಾರನನ್ನೂ ತಳ್ಳುತ್ತದೆ. ಪಾದಗಳನ್ನು ಎಂದಿಗಿಂತ ತುಸು ಅಗಲವಾಗಿ ಊರಿ, ಮೈಯನ್ನು ಸ್ಥಿರಗೊಳಿಸಿಕೊಳ್ಳಬೇಕು. ದಾಂಡನ್ನು ಒಂದು ಅಂಗುಲ ಕೆಳಗೆ ಹಿಡಿದರೆ ಅದು ಚಿಕ್ಕದಾಗಿ, ಹತೋಟಿಗೆ ಸುಲಭವಾಗುತ್ತದೆ. ಎರಡನೆಯದು ಬೀಸು. ಪೂರ್ಣ ಬಲದ ಮುಕ್ಕಾಲು ಪಾಲಿನಲ್ಲಿ, ಅವಸರವಿಲ್ಲದೆ ಬೀಸಬೇಕು. ಹೊಡೆದ ಮೇಲೆ ಕೈಗಳು ಭುಜದ ಮೇಲೆ ಸುತ್ತಿಕೊಳ್ಳುವಷ್ಟು ದೂರ ಹೋಗಬೇಕಾಗಿಲ್ಲ. ಮೂರನೆಯದು ಚೆಂಡು ತಾಗುವ ಜಾಗ. ಡ್ರೈವರಿನ ಮುಖದ ನಡುವಿಗಿಂತ ಕೂದಲೆಳೆಯಷ್ಟು ಮೇಲೆ ತಾಗಿದ ಚೆಂಡಿಗೆ ಗಿರಕಿ ಕಡಿಮೆ. ಕೆಳಗೆ ತಾಗಿದ ಚೆಂಡಿಗೆ ಹೆಚ್ಚು.

ಟೀಯ ಎತ್ತರದ ವಿಚಾರದಲ್ಲಿ ಒಂದು ಎಚ್ಚರಿಕೆ ಅವಶ್ಯ. ಎದುರುಗಾಳಿಯಲ್ಲಿ ಚೆಂಡನ್ನು ತಗ್ಗಿಸಿ ಇಡಿ ಎಂಬ ಹಳೆಯ ಮಾತಿದೆ. ತುಸು ತಗ್ಗಿಸಿದರೆ ತಪ್ಪಿಲ್ಲ. ಆದರೆ ನೆಲಕ್ಕೆ ಹತ್ತಿದಂತೆ ಇಟ್ಟರೆ, ಆಟಗಾರ ತನಗೇ ತಿಳಿಯದೆ ದಾಂಡನ್ನು ಕೊಡಲಿಯಂತೆ ಮೇಲಿನಿಂದ ಕೆಳಕ್ಕೆ ಇಳಿಸುತ್ತಾನೆ. ಹಾಗೆ ಕೆಳಮುಖವಾಗಿ ಕೊಚ್ಚಿದ ಹೊಡೆತ ಗಿರಕಿಯನ್ನು ಹೆಚ್ಚಿಸುತ್ತದೆ. ತಗ್ಗಾಗಿ ಹೊರಟ ಚೆಂಡು ಮೂವತ್ತು ನಲವತ್ತು ಗಜದಾಚೆ ಮೇಲಕ್ಕೇರುವುದನ್ನು ನೋಡಿ ಅವನು ಬೆರಗಾಗುತ್ತಾನೆ! ಹೊರಡುವ ಎತ್ತರಕ್ಕಿಂತ ಗಿರಕಿಯೇ ಮುಖ್ಯ. ಚೆಂಡನ್ನು ಎಡ ಹಿಮ್ಮಡಿಯ ನೇರಕ್ಕೇ ಇಟ್ಟು, ಕಸಪೊರಕೆ ನೆಲವನ್ನು ಸವರಿ ಹೋಗುವಂತೆ ದಾಂಡನ್ನು ಮಟ್ಟವಾಗಿ, ಕೊನೆಯಲ್ಲಿ ಒಂದಿಷ್ಟು ಮೇಲ್ಮುಖವಾಗಿ ಒಯ್ಯಬೇಕು. ಮಾತು ಬಲಗೈ ಆಟಗಾರನದು. ಎಡಗೈಯವರು ತಿರುಗಿಸಿ ಓದಿಕೊಳ್ಳಬೇಕು.

ಹಿಂಗಾಳಿಯಲ್ಲಿ ನ್ಯಾಯ ಬೇರೆ. ಅಲ್ಲಿ ಎತ್ತುವ ಬಲ ಕುಗ್ಗಿ, ಚೆಂಡು ಬೇಗ ನೆಲಕ್ಕೆ ಕುಸಿಯುತ್ತದೆ. ಆದುದರಿಂದ ಚೆಂಡಿಗೆ ಎತ್ತರ ಬೇಕು. ಮೇಲೆ ಹೋದರೆ ಅಲ್ಲಿನ ಬಿರುಸು ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಟೀಯನ್ನು ತುಸು ಎತ್ತರಿಸಿ ಹೊಡೆಯಬಹುದು. ತೋಳಿನಲ್ಲಿ ಅಷ್ಟು ಬಿರುಸಿಲ್ಲದವರಿಗೆ ಇನ್ನೂ ಸುಲಭದ ದಾರಿಯುಂಟು: ಡ್ರೈವರನ್ನು ಚೀಲದಲ್ಲೇ ಬಿಟ್ಟು, ಮುಖ ಇನ್ನಷ್ಟು ಹಿಂದಕ್ಕೆ ಮಲಗಿರುವ ಮೂರನೆಯ ನಂಬರಿನ ವುಡ್ ಎಂಬ ದಾಂಡನ್ನು ತೆಗೆದುಕೊಳ್ಳುವುದು. ಬೆನ್ನ ಹಿಂದೆ ಗಾಳಿಯಿರುವಾಗ ಅದು ಎಷ್ಟೋ ಸಲ ಡ್ರೈವರಿನಷ್ಟೇ ದೂರ ಕಳುಹಿಸುತ್ತದೆ. ಈಗಿನ ಡ್ರೈವರುಗಳಲ್ಲಿ ತಿರುಪು ತಿರುಗಿಸಿ ಮುಖದ ಕೋನವನ್ನು ಬದಲಾಯಿಸುವ ಅನುಕೂಲವಿದೆ. ಆದರೆ ಆಟ ಪ್ರಾರಂಭವಾದ ಮೇಲೆ ಹಾಗೆ ಬದಲಾಯಿಸುವುದನ್ನು ನಿಯಮ ಒಪ್ಪುವುದಿಲ್ಲ. ಮನೆಯಿಂದ ಹೊರಡುವ ಮುನ್ನವೇ ಆಕಾಶ ನೋಡಬೇಕು.

ಪಕ್ಕದಿಂದ ಬೀಸುವ ಗಾಳಿ ಬಂದಾಗ ಅದರೊಡನೆ ರಾಜಿಯೇ ಲೇಸು. ಎಡದಿಂದ ಗಾಳಿ ಬಂದರೆ ಎಡಕ್ಕೆ ಗುರಿಯಿಟ್ಟು ನೇರವಾಗಿ ಹೊಡೆದು, ಗಾಳಿಯೇ ಚೆಂಡನ್ನು ನಡುವಿಗೆ ತರಲೆಂದು ಬಿಡಬೇಕು. ಗಾಳಿಯ ಕಡೆಗೇ ಬಾಗುವ ಚೆಂಡು ಅದರ ಹೆಗಲೇರಿ ಒಂದಿಷ್ಟು ಹೆಚ್ಚು ದೂರ ಹೋಗುತ್ತದೆ. ಗಾಳಿಗೆ ವಿರುದ್ಧವಾಗಿ ಬಾಗುವ ಚೆಂಡು ನೆಟ್ಟಗೆ ಉಳಿಯುತ್ತದೆ, ಆದರೆ ಮೊಟಕಾಗುತ್ತದೆ. ಇದರಲ್ಲಿ ಯಾವುದು ಬೇಕೆಂಬುದನ್ನು ಮುಂದಿರುವ ನೆಲ ನೋಡಿ ತೀರ್ಮಾನಿಸಬೇಕು. ಗಾಳಿ ಯಾವ ಕಡೆಯದೆಂದು ತಿಳಿಯಲು ಚಿಟಿಕೆ ಹುಲ್ಲನ್ನು ಕಿತ್ತು ಮೇಲಕ್ಕೆ ಹಾರಿಬಿಡುವುದು ವಾಡಿಕೆ. ಅಷ್ಟರಲ್ಲೇ ತೃಪ್ತರಾಗಬಾರದು. ಮರಗಳ ಮರೆಯಲ್ಲಿ ನಿಂತವನ ಕೈಯ ಹುಲ್ಲು ಒಂದು ಕಡೆಗೆ ಹಾರಿದರೆ, ಮರದ ತುದಿಯ ಎಲೆಗಳು ಇನ್ನೊಂದು ಕಡೆಗೆ ತೊನೆಯುತ್ತಿರಬಹುದು. ಚೆಂಡು ಹಾರುವುದು ಮರದ ತುದಿಯ ಗಾಳಿಯಲ್ಲಿ.

ಈ ವಿದ್ಯೆಯಲ್ಲಿ ಪಳಗಿದವರಲ್ಲಿ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ನನ ಹೆಸರು ಪ್ರಸಿದ್ಧವಾದದ್ದು. ಬ್ರಿಟನ್ನಿನ ಕಡಲ ತೀರದ ಮೈದಾನಗಳಲ್ಲೇ ನಡೆಯುವ ಓಪನ್ ಪಂದ್ಯವನ್ನು ಅವನು ೧೯೫೪, ೧೯೫೫, ೧೯೫೬, ೧೯೫೮ ಮತ್ತು ೧೯೬೫ರಲ್ಲಿ, ಹೀಗೆ ಐದು ಸಲ ಗೆದ್ದ. ನಮ್ಮ ಇಂಡಿಯನ್ ಓಪನ್ ಪಂದ್ಯವನ್ನೂ ಮೂರು ಸಲ ಗೆದ್ದವನು. ಅವನ ಖ್ಯಾತಿ ಭೀಮಬಲದಿಂದ ಬಂದದ್ದಲ್ಲ. ಚೆಂಡನ್ನು ತಗ್ಗಾಗಿ ಕಳುಹಿಸಿ, ಗಟ್ಟಿ ನೆಲದ ಮೇಲೆ ಎಣಿಸಿದಲ್ಲಿಗೆ ಉರುಳಿಸುವ ಜಾಣತನದಿಂದ ಬಂದದ್ದು. ಆ ದಿನಗಳಲ್ಲಿ ಬ್ರಿಟನ್ನಿನಲ್ಲಿ ೧.೬೨ ಅಂಗುಲ ಅಡ್ಡಳತೆಯ ಚೆಂಡು ಬಳಕೆಯಲ್ಲಿತ್ತು. ಅಮೆರಿಕದ ಚೆಂಡು ೧.೬೮ ಅಂಗುಲದ್ದು. ತೂಕ ಎರಡಕ್ಕೂ ಒಂದೇ. ವ್ಯತ್ಯಾಸ ಕೂದಲೆಳೆಯಷ್ಟೆಂದು ಕಂಡರೂ, ಗಾಳಿಗೆ ಒಡ್ಡುವ ಮುಖವನ್ನು ಲೆಕ್ಕ ಹಾಕಿದರೆ ದೊಡ್ಡ ಚೆಂಡಿಗೆ ನೂರಕ್ಕೆ ಏಳು ಪಾಲಿಗಿಂತ ಹೆಚ್ಚು. ಚಿಕ್ಕ ಚೆಂಡು ಎದುರುಗಾಳಿಯನ್ನು ಚೆನ್ನಾಗಿ ಕೊರೆದು ಹೋಗುತ್ತಿತ್ತು. ಓಪನ್ ಪಂದ್ಯದಲ್ಲಿ ೧೯೭೪ರಿಂದ ದೊಡ್ಡ ಚೆಂಡು ಕಡ್ಡಾಯವಾಯಿತು. ೧೯೯೦ರಿಂದ ಎಲ್ಲೆಲ್ಲೂ ಅದೇ ಒಂದು ಅಳತೆ. ಆದುದರಿಂದ ಇಂದಿನ ಆಟಗಾರನಿಗೆ ಗಾಳಿಯ ವಿದ್ಯೆ ಹಿಂದಿಗಿಂತಲೂ ಹೆಚ್ಚು ಅವಶ್ಯಕ.

ಆದರೆ ಸ್ಕಾಟ್ಲೆಂಡಿನ ಪಾಠವನ್ನು ಬೆಂಗಳೂರಿಗೆ ಹಾಗೆಯೇ ಹೊತ್ತು ತಂದರೆ ಸಾಲದು. ಬೆಂಗಳೂರು ಕಡಲ ಮಟ್ಟದಿಂದ ೯೦೦ ಮೀಟರಿಗೂ ಎತ್ತರದಲ್ಲಿದೆ. ಇಲ್ಲಿಯ ಗಾಳಿ ಕಡಲ ತೀರದ ಗಾಳಿಗಿಂತ ಹತ್ತರಲ್ಲಿ ಒಂದು ಪಾಲಿಗೆ ಸ್ವಲ್ಪ ಕಡಿಮೆಯಷ್ಟು ತೆಳುವು. ಚೆಂಡು ಕೊಂಚ ಹೆಚ್ಚು ದೂರ ಹಾರುತ್ತದೆ; ಗಾಳಿಯ ಹಿಡಿತವೂ ಅಷ್ಟರಮಟ್ಟಿಗೆ ಸಡಿಲ. ಇನ್ನೊಂದು ಭೇದ ನೆಲದ್ದು. ಕಡಲ ತೀರದ ಮರಳು ನೆಲ ನೀರನ್ನು ಕುಡಿದು ಬೇಗ ಒಣಗಿ ಗಟ್ಟಿಯಾಗುತ್ತದೆ. ತಗ್ಗಾಗಿ ಬಂದ ಚೆಂಡು ಅಲ್ಲಿ ಬಹುದೂರ ಉರುಳುತ್ತದೆ. ನಮ್ಮಲ್ಲಿ ಬಿರುಸು ಗಾಳಿ ಬೀಸುವುದು ಆಷಾಢದ ಆಸುಪಾಸಿನಲ್ಲಿ, ಮುಂಗಾರಿನ ಜೊತೆಗೆ. ಆಗ ನೆಲ ನೆನೆದು ಮೆತ್ತಗಿರುತ್ತದೆ. ಚೆಂಡು ಬಿದ್ದಲ್ಲೇ ಕೂರುತ್ತದೆ. ಆದಕಾರಣ ಇಲ್ಲಿ ಚೆಂಡನ್ನು ಅತಿಯಾಗಿ ತಗ್ಗಿಸಿದರೆ ಉರುಳಿನ ಲಾಭವಿಲ್ಲದೆ ದೂರವೇ ಕೈಬಿಟ್ಟುಹೋಗುತ್ತದೆ. ಗಿರಕಿ ಕಡಿಮೆಯಿರಲಿ, ಆದರೆ ಚೆಂಡು ಆಕಾಶದಲ್ಲಿ ಸಾಗುವಷ್ಟು ಎತ್ತರ ಇರಲಿ ಎಂಬುದು ಇಲ್ಲಿಗೆ ಹೊಂದುವ ಸೂತ್ರ.

ದೂರವೇ ಸರ್ವಸ್ವವಲ್ಲ ಎಂಬುದಕ್ಕೆ ನಮ್ಮವರದೇ ನಿದರ್ಶನವಿದೆ. ಬೆಂಗಳೂರಿನ ಅದಿತಿ ಅಶೋಕ್ ಅವರು ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದು ಪದಕದ ಅಂಚಿನವರೆಗೆ ಹೋದರು. ಅವರು ಉದ್ದ ಹೊಡೆಯುವವರ ಸಾಲಿನವರಲ್ಲ. ಎದುರಾಳಿಗಳ ಚೆಂಡು ಎಷ್ಟೋ ಗಜ ಮುಂದಿರುತ್ತಿದ್ದಾಗಲೂ, ನೇರವಾದ ಹೊಡೆತ ಮತ್ತು ಕುಳಿಯ ಬಳಿಯ ನಯವಾದ ಕೈಚಳಕದಿಂದ ಅವರ ಸಮಕ್ಕೆ ನಿಂತರು. ಅವರ ಆಟವನ್ನು ನೋಡಲು ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳವರೂ ಆ ಶನಿವಾರ ಬೆಳಗಿನ ಜಾವವೇ ಎದ್ದು ಕುಳಿತಿದ್ದರು.

ಗಾಲ್ಫ್ ಆಡುವವರು ನಮ್ಮಲ್ಲಿ ಕೆಲವರೇ ಇರಬಹುದು. ಆಡದವರಿಗೂ ಈ ಚೆಂಡಿನ ಪ್ರಯಾಣ ಒಂದು ವಿಷಯವನ್ನು ತಿಳಿಸಿಕೊಡುತ್ತದೆ. ಕಣ್ಣಿಗೆ ಕಾಣದ ಗಾಳಿ ಕಾಣುವ ಚೆಂಡಿನ ಮೇಲೆ ನಡೆಸುವ ಕೆಲಸಕ್ಕೂ ನಿಯಮವಿದೆ. ಆ ನಿಯಮವನ್ನು ಒಂದು ಲಾಡಿ, ಒಂದು ಮಣ್ಣಿನ ಗೋಡೆಯಿಂದಲೂ ಹುಡುಕಬಹುದು. ಆಡುವವರಿಗಂತೂ ಮುಂದಿನ ಮುಂಗಾರಿನಲ್ಲಿ ಪರೀಕ್ಷೆ ಮಾಡಿ ನೋಡಲು ಅವಕಾಶವಿದ್ದೇ ಇದೆ. ಎದುರುಗಾಳಿ ಬೀಸಿದಾಗ ಹತ್ತು ಚೆಂಡುಗಳನ್ನು ಪೂರ್ಣ ಬಲದಿಂದಲೂ, ಹತ್ತು ಚೆಂಡುಗಳನ್ನು ಮುಕ್ಕಾಲು ಬಲದ ನಯವಾದ ಬೀಸಿನಿಂದಲೂ ಹೊಡೆದು, ಹೆಜ್ಜೆ ಹಾಕಿ ಅಳೆದು ನೋಡಿ. ಯಾವ ಹತ್ತು ಚೆಂಡುಗಳನ್ನು ಹುಡುಕಲು ಕ್ಯಾಡಿ ಹುಡುಗ ಪೊದೆಗಳಲ್ಲಿ ಅಲೆಯಬೇಕಾಯಿತು ಎಂಬುದನ್ನೂ ಮರೆಯದೆ ಲೆಕ್ಕಕ್ಕೆ ಸೇರಿಸಿಕೊಳ್ಳಿ.